ಹಳೆಯ ಕಾವ್ಯ ಮಕ್ಕಳಿಗೆ ದೂರವೋ, ನಡುವೆ ನಾವು ನಿಂತಿದ್ದೇವೆಯೋ?

ಚಳ್ಳಕೆರೆ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ 16 ವರ್ಷಗಳಿಂದ ಕನ್ನಡ ಪಾಠ ಮಾಡುತ್ತಿದ್ದೇನೆ. ಈಚೆಗೆ ತರಗತಿಯಲ್ಲಿ ನಡೆದ ಒಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತಿದೆ. ಅದನ್ನು ನಿಮ್ಮೆಲ್ಲರ ಮುಂದಿಟ್ಟು, ನಿಮ್ಮ ಅನುಭವವನ್ನೂ ಕೇಳಿ ತಿಳಿದುಕೊಳ್ಳಬೇಕೆಂದು ಬರೆಯುತ್ತಿದ್ದೇನೆ.

ಹತ್ತನೆಯ ತರಗತಿಗೆ ಕುಮಾರವ್ಯಾಸನ ‘ಕೌರವೇಂದ್ರನ ಕೊಂದೆ ನೀನು’ ಪದ್ಯಭಾಗವನ್ನು ನಾನು ವರ್ಷವರ್ಷವೂ ಒಂದೇ ಕ್ರಮದಲ್ಲಿ ಪಾಠ ಮಾಡಿಕೊಂಡು ಬಂದವನು. ಮೊದಲು ಕವಿಪರಿಚಯ, ಆಮೇಲೆ ಕಠಿಣ ಪದಗಳ ಅರ್ಥ, ಆಮೇಲೆ ಭಾವಾರ್ಥವನ್ನು ಬರೆಸುವುದು, ಕೊನೆಗೆ ಪ್ರಶ್ನೋತ್ತರ. ಕವಿಯ ಹೆಸರು ಗದುಗಿನ ನಾರಣಪ್ಪ, ಊರು ಕೋಳಿವಾಡ, ಬಿರುದು ರೂಪಕ ಸಾಮ್ರಾಜ್ಯ ಚಕ್ರವರ್ತಿ ಎಂಬುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನನ್ನ ವಿದ್ಯಾರ್ಥಿಗಳು ಹೇಳುತ್ತಿದ್ದರು. ಒಂದು ರೂಪಕವನ್ನೂ ಸವಿಯದೆ ಬಿರುದನ್ನು ಮಾತ್ರ ಬಾಯಿಪಾಠ ಮಾಡಿದ ಮಕ್ಕಳು ಅವರು. ಅಂಕಗಳೇನೋ ಬರುತ್ತಿದ್ದವು. ಆದರೆ ಇಷ್ಟು ವರ್ಷಗಳಲ್ಲಿ ಒಬ್ಬರಾದರೂ ಮುಂದಿನ ಪದ್ಯದಲ್ಲಿ ಏನಾಗುತ್ತದೆ ಎಂದು ಕೇಳಿದ್ದು ನನಗೆ ನೆನಪಿಲ್ಲ.

ಕಳೆದ ಬಾರಿ ಶೇಂಗಾ ಬಿತ್ತನೆಯ ದಿನಗಳಲ್ಲಿ ಅರ್ಧ ತರಗತಿ ಹೊಲಕ್ಕೆ ಹೋಗಿತ್ತು. ಉಳಿದ ಹತ್ತು ಹನ್ನೆರಡು ಮಕ್ಕಳಿಗೆ ಪಾಠ ಮುಂದುವರಿಸಿದರೆ ಬಾರದವರಿಗೆ ಮತ್ತೆ ಹೇಳಬೇಕಾಗುತ್ತದೆಂದು, ಪಠ್ಯದಲ್ಲಿಲ್ಲದ ವಿರಾಟಪರ್ವವನ್ನು ತೆಗೆದು ಗಟ್ಟಿಯಾಗಿ ಓದತೊಡಗಿದೆ. ಹೆಂಗಳೆಯರ ಮುಂದೆ ಕೊಚ್ಚಿಕೊಂಡು ಹೊರಟ ಉತ್ತರಕುಮಾರ ಕೌರವರ ಸೇನೆಯನ್ನು ಕಣ್ಣಾರೆ ಕಂಡಾಗ ಸಾರಥಿ ಬೃಹನ್ನಳೆಗೆ, ಅಂದರೆ ವೇಷ ಮರೆಸಿಕೊಂಡ ಅರ್ಜುನನಿಗೆ, ಹೇಳುವ ಮಾತು ಬಂತು: “ಹಸಿದ ಮಾರಿಯ ಮಂದೆಯಲಿ ಕುರಿ ನುಸುಳಿದಂತಾದೆನು ಬೃಹನ್ನಳೆ.” ನಾನು ಅರ್ಥ ಹೇಳಲು ಬಾಯಿ ತೆರೆಯುವುದರೊಳಗೆ ಹಿಂದಿನ ಬೆಂಚಿನ ಹುಡುಗನೊಬ್ಬ ನಕ್ಕುಬಿಟ್ಟ. ಅವನದು ಕುರಿ ಸಾಕುವ ಮನೆ. ಕಿರುಪರೀಕ್ಷೆಗಳಲ್ಲಿ ಅವನು ಪಾಸಾದದ್ದೇ ಕಡಿಮೆ. ಏಕೆ ನಕ್ಕೆ ಎಂದು ಕೇಳಿದರೆ, “ಸಾರ್, ಮಾರಿಹಬ್ಬದ ದಿನ ಕುರಿಗೆ ಗೊತ್ತಾಗಿಬಿಡ್ತದೆ. ಹಗ್ಗ ಹಿಡಿದು ಎಳೆದ್ರೆ ನಾಕೂ ಕಾಲು ನೆಲಕ್ಕೆ ಊರಿ ನಿಂತುಬಿಡ್ತದೆ. ಇವನೂ ಇನ್ನು ಮುಂದಕ್ಕೆ ಹೋಗೋದಿಲ್ಲ” ಎಂದ. ಕಥೆ ಅವನಿಗೆ ಗೊತ್ತಿರಲಿಲ್ಲ. ಮುಂದೆ ಓದಿದಾಗ ಉತ್ತರಕುಮಾರ ರಥದಿಂದ ಧುಮುಕಿ ಓಡಿದ. ತರಗತಿಯೆಲ್ಲ ಆ ಹುಡುಗನ ಕಡೆಗೇ ತಿರುಗಿ ನೋಡಿತು.

ಆ ಸಾಲನ್ನು ಎಷ್ಟೋ ಸಲ ಓದಿದ್ದ ನನಗೆ ಅದರೊಳಗೆ ಊರಿ ನಿಂತ ಕಾಲುಗಳು ಒಮ್ಮೆಯೂ ಕಂಡಿರಲಿಲ್ಲ. ಆದ್ದರಿಂದ ನನ್ನ ಪ್ರಶ್ನೆ ಇದು: ಹಳೆಯ ಕಾವ್ಯ ಇಂದಿನ ಮಕ್ಕಳಿಗೆ ನಿಜವಾಗಿಯೂ ದೂರವಾಗಿದೆಯೋ, ಅಥವಾ ಕಾವ್ಯಕ್ಕೂ ಮಕ್ಕಳಿಗೂ ನಡುವೆ ಭಾವಾರ್ಥ ಬರೆಸುವ ನಾವು ಬಂದು ನಿಂತುಕೊಂಡಿದ್ದೇವೆಯೋ?

ಜಗಳೂರು ಸೀಮೆಯವ:

ಮೇಷ್ಟ್ರೇ, ವಿರಾಟಪರ್ವದ ಹೆಸರು ಕೇಳಿ ಸುಮ್ಮನೆ ಇರಲಾಗಲಿಲ್ಲ. ನಮ್ಮ ಕಡೆ ಮಳೆ ಕೈಕೊಟ್ಟ ವರ್ಷಗಳಲ್ಲಿ ಊರ ಗುಡಿಯಲ್ಲಿ ವಿರಾಟಪರ್ವ ಓದಿಸುವ ಪದ್ಧತಿ ಇತ್ತು. ಒಬ್ಬರು ರಾಗವಾಗಿ ಓದುವರು, ಇನ್ನೊಬ್ಬರು ಅರ್ಥ ಹೇಳುವರು. ನಮ್ಮ ತಾತನಿಗೆ ಸಹಿ ಹಾಕಲು ಕೂಡ ಬರುತ್ತಿರಲಿಲ್ಲ; ಆದರೂ ಓದುವವರು ಒಂದು ಪದ ಜಾರಿಸಿದರೆ ಕತ್ತೆತ್ತಿ ನೋಡುತ್ತಿದ್ದರು. ಓದು ಬಾರದವರಿಗೆ ದಕ್ಕಿದ ಕಾವ್ಯ ಓದು ಬಲ್ಲ ಮೊಮ್ಮಕ್ಕಳಿಗೆ ಕಷ್ಟವಾಗಿದೆ ಎಂದರೆ ದೋಷ ಭಾಷೆಯದೊಂದೇ ಆಗಿರಲಾರದು. ಮೊದಲು ಕಿವಿಯಿಂದ ಬರುತ್ತಿದ್ದದ್ದನ್ನು ನಾವು ಮೊದಲು ಕಣ್ಣಿಗೆ ಕೊಟ್ಟೆವು. ಷಟ್ಪದಿಯನ್ನು ಮೌನವಾಗಿ ಓದಿದರೆ ಅದು ಬರೀ ಮುರಿದ ಸಾಲುಗಳ ಹಾಗೆ ಕಾಣುತ್ತದೆ.

ಎರಡು ಮಕ್ಕಳ ತಂದೆ, ದಾವಣಗೆರೆ:

ತಮ್ಮೆಲ್ಲರ ಅಭಿಮಾನವನ್ನು ಗೌರವಿಸುತ್ತೇನೆ, ಆದರೆ ನನ್ನ ಭಿನ್ನಾಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ. ಮೇಷ್ಟ್ರ ತರಗತಿಯ ಹುಡುಗ ಕುರಿ ಕಂಡವನು, ಆದ್ದರಿಂದ ಅವನಿಗೆ ಆ ಸಾಲು ತಲುಪಿತು. ವಿದ್ಯಾನಗರದ ಮನೆಯಲ್ಲಿ ಬೆಳೆದ ನನ್ನ ಮಗನಿಗೆ ಮಾರಿಹಬ್ಬವೂ ಗೊತ್ತಿಲ್ಲ, ಮಂದೆಯೂ ಗೊತ್ತಿಲ್ಲ. ಅವನ ಪಾಲಿಗೆ ನಡುಗನ್ನಡ ಇನ್ನೊಂದು ಪರಭಾಷೆ. ಶಾಲೆ, ಮನೆಪಾಠ, ಪ್ರವೇಶ ಪರೀಕ್ಷೆಯ ತಯಾರಿ ಇವೆಲ್ಲ ಮುಗಿದ ಮೇಲೆ ಉಳಿಯುವ ಅರ್ಧ ಗಂಟೆಯಲ್ಲಿ ಅವನು ಸುಲಭವಾಗಿ ಓದಬಹುದಾದ ಹೊಸಗನ್ನಡದ ಕಥೆ, ಕಾದಂಬರಿಗಳನ್ನು ಓದಿದರೆ ಸಾಲದೇ?

ನನ್ನ ವಿರೋಧಕ್ಕೆ ಇನ್ನೊಂದು ಕಾರಣವೂ ಇದೆ. ನಾನು ಓದುವಾಗ ರನ್ನನ ಪದ್ಯವನ್ನು ಕಂಠಪಾಠ ಮಾಡಿ ಒಪ್ಪಿಸಬೇಕಾಗಿತ್ತು. ಎರಡನೆಯ ಸಾಲಿನಲ್ಲಿ ತಡವರಿಸಿದ್ದಕ್ಕೆ ಇಡೀ ತರಗತಿಯ ಎದುರು ಬೆಂಚಿನ ಮೇಲೆ ನಿಲ್ಲಿಸಿದರು. ಇಂದಿಗೂ ಹಳಗನ್ನಡದ ಪುಟ ಕಂಡರೆ ನನಗೆ ನೆನಪಾಗುವುದು ಆ ಬೆಂಚು. ಅರ್ಥವಾಗದ್ದನ್ನು ಮಕ್ಕಳ ಬಾಯಲ್ಲಿ ತುರುಕಿ, ಅದನ್ನೇ ಸವಿ ಎಂದು ಕರೆಯುವುದು ಬೇಡ ಎಂದು ನನ್ನ ವಿನಂತಿ.

ಪದ ಬಿಡಿಸುವವಳು, ದಾವಣಗೆರೆ:

ಸರ್, ತಾವು ‘ತುರುಕಿ’ ಎಂದು ಬರೆದಿರಿ. ಮುದ್ದಣನ ಮನೋರಮೆ ಹೇಳಿದ್ದೂ ಅದೇ ಮಾತು. ಗಂಡ ಬಿಗಿಯಾದ ಸಂಸ್ಕೃತ ಸಮಾಸಗಳಿಂದ ಕಥೆ ಆರಂಭಿಸಿದಾಗ ಅವಳು, “ನೀರಿಳಿಯದ ಗಂಟಲೊಳ್ ಕಡುಬಂ ತುರುಕಿದಂತಾಯ್ತು” ಎಂದು ಅವನನ್ನು ತಡೆಯುತ್ತಾಳೆ. ಅವಳು ಕಥೆಯೇ ಬೇಡವೆನ್ನಲಿಲ್ಲ, ತನಗೆ ತಿಳಿಯುವಂತೆ ಹೇಳು ಎಂದಳು. ಮುದ್ದಣನೂ ಕಥೆಯನ್ನು ನಿಲ್ಲಿಸದೆ ಹೇಳುವ ಬಗೆಯನ್ನು ಬದಲಿಸಿಕೊಂಡ. ಹಳಗನ್ನಡವನ್ನು ಎಳೆಯರಿಗೆ ಹೇಗೆ ಹೇಳಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಬೇರೆಲ್ಲೂ ಕಂಡಿಲ್ಲ.

ತಮ್ಮನ್ನು ಬೆಂಚಿನ ಮೇಲೆ ನಿಲ್ಲಿಸಿದ ಪದ್ಯ ಯಾವುದೆಂದು ನನಗೆ ತಿಳಿಯದು. ತಾವು ಒಪ್ಪುವುದಾದರೆ ರನ್ನನ ಒಂದೇ ಒಂದು ಸಾಲನ್ನು ಇಲ್ಲಿ ಬಿಡಿಸಿ ತೋರಿಸುತ್ತೇನೆ. ‘ಗದಾಯುದ್ಧ’ದಲ್ಲಿ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ದಡದಲ್ಲಿ ನಿಂತ ಭೀಮ ಗರ್ಜಿಸುತ್ತಾನೆ. ಆ ಗರ್ಜನೆಯನ್ನು ಕೇಳಿದ ದುರ್ಯೋಧನ “ನೀರೊಳಗಿರ್ದುಂ ಬೆಮರ್ತನುರಗಪತಾಕಂ.” ನೀರೊಳಗೆ ಇರ್ದುಂ, ಅಂದರೆ ಇದ್ದೂ. ಬೆಮರ್ತನ್, ಅಂದರೆ ಬೆವರಿದ. ಉರಗಪತಾಕ ಎಂದರೆ ಹಾವಿನ ಬಾವುಟದವನು, ದುರ್ಯೋಧನ. ಇದರಲ್ಲಿ ನಿಜವಾಗಿ ಹೊಸ ಪದ ಕೊನೆಯದೊಂದೇ. ‘ಬೆಮರ್’ ಮತ್ತು ‘ಬೆವರು’ ಒಂದೇ ಎಂದು ಹೇಳಿದ ಕ್ಷಣ ಮಕ್ಕಳ ಮುಖ ಬದಲಾಗುವುದನ್ನು ನಾನು ಪಾಠ ಹೇಳಿಕೊಡುವಾಗ ನೋಡಿದ್ದೇನೆ. ನೀರೊಳಗೆ ಮುಳುಗಿದವನು ಬೆವರಿದರೆ ಅದು ಯಾರಿಗೆ ಕಾಣುತ್ತದೆ ಎಂದು ಒಂಬತ್ತನೆಯ ತರಗತಿಯ ಹುಡುಗಿ ಕೇಳಿದಳು. ಯಾರಿಗೂ ಕಾಣುವುದಿಲ್ಲ, ಅವನಿಗೆ ಮಾತ್ರ ಗೊತ್ತಾಗುತ್ತದೆ ಎಂದು ಪಕ್ಕದವಳೇ ಉತ್ತರ ಕೊಟ್ಟಳು. ಹೆದರಿಕೆಯ ಬಗ್ಗೆ ಅದಕ್ಕಿಂತ ಹೆಚ್ಚಿನದನ್ನು ನಾನು ಹೇಳಬೇಕಾಗಲಿಲ್ಲ.

ರನ್ನನ ದುರ್ಯೋಧನನೇ ಭೀಷ್ಮರಿಗೆ ಹೇಳುವ ಇನ್ನೊಂದು ಮಾತು ಪಠ್ಯದಲ್ಲಿಯೇ ಇದೆ: “ನೆಲಕಿರಿವೆನೆಂದು ಬಗೆದಿರೆ ಚಲಕಿರಿವೆಂ.” ಅಚ್ಚಿನಲ್ಲಿ ಹೀಗೆ ಒಟ್ಟಾಗಿ ಕಂಡಾಗ ಅದು ಗೋಡೆಯ ಹಾಗಿರುತ್ತದೆ. ನೆಲಕ್ಕೆ ಇರಿವೆನ್ ಎಂದು ಬಗೆದಿರೇ? ಚಲಕ್ಕೆ ಇರಿವೆಂ. ನೆಲಕ್ಕಾಗಿ ಹೋರಾಡುತ್ತೇನೆಂದು ತಿಳಿದಿರಾ, ನಾನು ಹೋರಾಡುವುದು ಛಲಕ್ಕಾಗಿ. ಹದಿನೈದು ವರ್ಷದವರಿಗೆ ಛಲವೆಂದರೇನೆಂದು ವಿವರಿಸುವ ಅಗತ್ಯವೇ ಇಲ್ಲ.

2009ರಲ್ಲಿ ಚಿತ್ರದುರ್ಗದಲ್ಲಿ ನಡೆದ 75ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಎಲ್. ಬಸವರಾಜು ಅವರು ಪಂಪನ ಕಾವ್ಯಗಳನ್ನು ಸಾಮಾನ್ಯ ಓದುಗರ ಕೈಗೆಟುಕುವಂತೆ ಸರಳಗೊಳಿಸಿ ಕೊಟ್ಟವರು. ಹಳಗನ್ನಡದ ಪ್ರಕಾಂಡ ವಿದ್ವಾಂಸರೊಬ್ಬರು ಸಾಮಾನ್ಯ ಓದುಗರಿಗಾಗಿ ಇಷ್ಟು ಶ್ರಮಪಟ್ಟಿರುವಾಗ, ಸರಳಗೊಳಿಸಿದರೆ ಕಾವ್ಯ ಕೆಡುತ್ತದೆ ಎಂದು ವಾದಿಸುವವರನ್ನು ನಾನು ಒಪ್ಪುವುದಿಲ್ಲ. ಆದರೆ ಪದ ಬಿಡಿಸುವುದು ಬೇರೆ, ಪದ್ಯವನ್ನು ತೆಗೆದುಹಾಕಿ ಅದರ ಜಾಗದಲ್ಲಿ ಸಾರಾಂಶ ಇಡುವುದು ಬೇರೆ. ‘ದುರ್ಯೋಧನನಿಗೆ ಭಯವಾಯಿತು’ ಎಂಬುದು ಆ ಸಾಲಿನ ಸಾರಾಂಶ. ಅದರಲ್ಲಿ ನೀರೂ ಇಲ್ಲ, ಬೆವರೂ ಇಲ್ಲ.

ಮಂಡಿಪೇಟೆಯ ತಾಯಿ, ದಾವಣಗೆರೆ:

ಎಲ್ಲರ ಬರಹವನ್ನೂ ಓದಿದೆ. ನನ್ನ ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಎಂಟನೆಯ ತರಗತಿ ಓದುತ್ತಿದ್ದಾಳೆ. ಇಂಗ್ಲಿಷಿನ ದಪ್ಪ ಕಾದಂಬರಿಯನ್ನು ಎರಡು ದಿನಗಳಲ್ಲಿ ಮುಗಿಸುವ ಹುಡುಗಿ ಕನ್ನಡದ ಒಂದು ಪುಟಕ್ಕೆ ಬಂದರೆ ಬೆರಳಿಟ್ಟು ಓದುತ್ತಾಳೆ. ಅವಳಿಗೆ ಓದುವ ಹಸಿವಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಅವಳ ಕಣ್ಣಿಗೆ ಕನ್ನಡದ ಅಕ್ಷರಗಳು ಸರಾಗವಾಗಿ ಹರಿಯುವುದಿಲ್ಲ, ಅಷ್ಟೇ. ಆದರೆ ಅವಳ ಕಿವಿ ಅಪ್ಪಟ ದಾವಣಗೆರೆಯ ಕಿವಿ.

ಹೀಗಾಗಿ ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ನಾನೇ ಓದುತ್ತೇನೆ. ಮೊದಲು ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನ ಭಾರತ’ವನ್ನು ತೆಗೆದುಕೊಂಡೆ, ಏಕೆಂದರೆ ಅದು ಗದ್ಯ, ಕಥೆ ನಿಲ್ಲದೆ ಸಾಗುತ್ತದೆ. ಕಥೆಯ ದಾರಿ ಗೊತ್ತಾದ ಮೇಲೆ ಅಲ್ಲಲ್ಲಿ ಕುಮಾರವ್ಯಾಸನ ಒಂದು ಪದ್ಯವನ್ನು ಸೇರಿಸತೊಡಗಿದೆ. ಮುಂದೇನಾಗುತ್ತದೆ ಎಂಬುದು ತಿಳಿದಿರುವುದರಿಂದ ಅವಳು ಅರ್ಥಕ್ಕಾಗಿ ತಡಕಾಡುವುದಿಲ್ಲ. ಕವಿ ಅದನ್ನು ಹೇಗೆ ಹೇಳುತ್ತಾನೆ ಎಂಬುದರ ಕಡೆಗೇ ಅವಳ ಗಮನವಿರುತ್ತದೆ. ಕೃಷ್ಣ ಕರ್ಣನನ್ನು ರಥದಲ್ಲಿ ಬರಸೆಳೆದು ಕೂರಿಸಿಕೊಳ್ಳುವ ಪದ್ಯವನ್ನು ಓದಿದಾಗ, ಕರ್ಣನ “ಅಂಜುವೆನ್” ಎಂಬ ಮಾತಿನ ಹಿಂದೆಯೇ “ತೊಡೆ ಸೋಂಕಿನಲಿ” ಎಂಬ ಮಾತು ಬಂದದ್ದನ್ನು ಕೇಳಿ ಅವಳು ನನ್ನನ್ನು ತಡೆದಳು. “ಅಮ್ಮ, ಅವನು ದೂರ ಸರಿದರೆ ಇವನು ಇನ್ನೂ ಹತ್ತಿರ ಬಂದು ಕೂತನಾ? ಹಾಗಾದರೆ ಏನೋ ಕೇಳುವುದಕ್ಕೇ ಬಂದಿದ್ದಾನೆ” ಎಂದಳು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಇಂಥದೇ ಪದ್ಯಗಳಿಗೆ ಭಾವಾರ್ಥ ಬರೆದು ಪೂರ್ಣ ಅಂಕ ಪಡೆದವಳು. ಕೃಷ್ಣನ ಆ ಸರಿದು ಕೂರುವಿಕೆ ಒಮ್ಮೆಯೂ ನನ್ನ ಗಮನಕ್ಕೆ ಬಂದಿರಲಿಲ್ಲ.

ಅವಳು ಬೇಡವೆಂದ ದಿನ ನಾನು ಪುಸ್ತಕ ತೆಗೆಯುವುದಿಲ್ಲ. ಇದೊಂದನ್ನು ಮಾತ್ರ ಬಹಳ ಎಚ್ಚರದಿಂದ ಪಾಲಿಸಿಕೊಂಡು ಬಂದಿದ್ದೇನೆ.

ಪಿಯುಸಿ ಮೊದಲ ವರ್ಷ, ಹರಿಹರ:

ಎಲ್ಲ ಹಿರಿಯರಿಗೂ ನಮಸ್ಕಾರ. ಇಲ್ಲಿ ಎಲ್ಲರೂ ನಮ್ಮ ಬಗ್ಗೆ ಮಾತನಾಡುತ್ತಿದ್ದೀರಿ, ಆದ್ದರಿಂದ ನಮ್ಮಲ್ಲಿ ಒಬ್ಬಳು ಮಾತನಾಡಿದರೆ ತಪ್ಪಾಗಲಾರದು ಎಂದುಕೊಂಡಿದ್ದೇನೆ.

ನಮಗೆ ಹಳೆಯ ಕಾವ್ಯ ಇಷ್ಟವಾಗದಿರುವುದಕ್ಕೆ ಭಾಷೆಯಷ್ಟೇ ದೊಡ್ಡ ಕಾರಣ ಇನ್ನೊಂದಿದೆ. ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಕರ್ಣ ಸ್ವಾಮಿನಿಷ್ಠ, ದುರ್ಯೋಧನ ಛಲದಂಕಮಲ್ಲ, ದ್ರೌಪದಿ ಮಹಾಪತಿವ್ರತೆ. ಅದನ್ನು ಬಿಟ್ಟು ಬೇರೆ ಬರೆದರೆ ಅಂಕ ಸಿಗುತ್ತದೋ ಇಲ್ಲವೋ ಎಂಬ ಭಯ. ನಾನು ಬೇಸಗೆ ರಜೆಯಲ್ಲಿ ಸಭಾಪರ್ವದ ದ್ಯೂತಪ್ರಸಂಗವನ್ನು ಅರ್ಥಸಹಿತ ಓದಿದೆ. ತನ್ನನ್ನು ಕರೆಯಲು ಬಂದವನನ್ನು ದ್ರೌಪದಿ ಕೇಳುವ ಪ್ರಶ್ನೆಯಲ್ಲಿ ನಾನು ಸಿಕ್ಕಿಹಾಕಿಕೊಂಡೆ. ಧರ್ಮರಾಯ ಮೊದಲು ತನ್ನನ್ನು ತಾನು ಸೋತನೋ, ಮೊದಲು ನನ್ನನ್ನು ಸೋತನೋ? ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಪಣಕ್ಕಿಡುವ ಹಕ್ಕು ಎಲ್ಲಿಯದು? ಭೀಷ್ಮ ದ್ರೋಣರಿರುವ ಸಭೆಗೆ ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲಾಗಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಮನೆಯಲ್ಲಿ, ಅಪ್ಪ ಮತ್ತು ದೊಡ್ಡಪ್ಪನ ನಡುವೆ, ಆ ಪ್ರಶ್ನೆಯ ಮೇಲೆ ಎರಡು ದಿನ ವಾದ ನಡೆಯಿತು. ಅಜ್ಜಿ ಮಾತ್ರ, “ಅವಳು ಕೇಳಿದ್ದು ಸರಿ, ಉತ್ತರ ಕೊಡಬೇಕಾದವರು ನೆಲ ನೋಡಿದರು” ಎಂದು ಹೇಳಿ ಕಾಳು ಆರಿಸುವುದನ್ನು ಮುಂದುವರಿಸಿದಳು.

ಇಂತಹ ಪ್ರಶ್ನೆ ಕೇಳುವ ಹೆಣ್ಣನ್ನು ‘ಮಹಾಪತಿವ್ರತೆ’ ಎಂಬ ಒಂದು ಪದದಲ್ಲಿ ಮುಗಿಸಿದರೆ ನಾವು ಅದನ್ನು ಏಕೆ ಓದಬೇಕು? ಕಾವ್ಯ ನಮ್ಮನ್ನು ವಾದಕ್ಕೆ ಕರೆಯುತ್ತದೆ, ಪಾಠ ನಮ್ಮನ್ನು ಸುಮ್ಮನಿರಿಸುತ್ತದೆ. ಅಂಕಲ್, ತಮ್ಮ ಮಗನಿಗೆ ಕುರಿ ಗೊತ್ತಿಲ್ಲದಿರಬಹುದು. ಆದರೆ ಅನ್ಯಾಯ ಗೊತ್ತಿರುತ್ತದೆ, ಅವಮಾನ ಗೊತ್ತಿರುತ್ತದೆ, ಗೆಳೆಯನನ್ನು ಬಿಟ್ಟುಕೊಡಲು ಆಗದೆ ಒದ್ದಾಡುವುದು ಗೊತ್ತಿರುತ್ತದೆ. ಕರ್ಣನಿಗೆ “ಕೊರಳ ಸೆರೆ ಹಿಗ್ಗಿದವು” ಎಂದು ಕವಿ ಹೇಳುವ ಮಾತು ತಮ್ಮ ಮಗನಿಗೆ ಅರ್ಥವಾಗಲು ಕುರುಕ್ಷೇತ್ರ ಬೇಕಾಗಿಲ್ಲ. ಅಳು ಬಂದದ್ದನ್ನು ತಡೆಹಿಡಿದವರಿಗೆಲ್ಲ ಕತ್ತಿನಲ್ಲಿ ಹಾಗೆಯೇ ಆಗುತ್ತದೆ.

ನಿವೃತ್ತ ಗ್ರಂಥಪಾಲಕ, ಚಿತ್ರದುರ್ಗ:

ಹರಿಹರದ ಮಗುವಿನ ಬರಹವನ್ನು ಎರಡು ಬಾರಿ ಓದಿದೆ. ಮೂವತ್ತು ವರ್ಷ ಪುಸ್ತಕಗಳ ನಡುವೆ ಇದ್ದವನು ನಾನು. ಎಳೆಯರು ಹಳೆಯ ಪುಸ್ತಕಗಳಿಗೆ ಹೇಗೆ ಬರುತ್ತಾರೆಂಬುದನ್ನು ಮೇಜಿನ ಈಚೆಯಿಂದ ನೋಡಿದ್ದನ್ನಷ್ಟೇ ಹೇಳುತ್ತೇನೆ.

ನಮ್ಮಲ್ಲಿ ಅವರನ್ನು ಕರೆತರುತ್ತಿದ್ದದ್ದು ಕೋಟೆ. ಏಳುಸುತ್ತಿನ ಕೋಟೆ ಹತ್ತಿ, ಒನಕೆ ಕಿಂಡಿಯಲ್ಲಿ ಬಗ್ಗಿ ನೋಡಿ, ಬಿಸಿಲಲ್ಲಿ ಕೆಂಪಗಾದ ಮುಖ ಹೊತ್ತು ಬರುತ್ತಿದ್ದ ಹುಡುಗರು ಮೊದಲು ಕೇಳುತ್ತಿದ್ದದ್ದು ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನು. ತ.ರಾ.ಸು. ಮಲೆಬೆನ್ನೂರಿನಲ್ಲಿ ಹುಟ್ಟಿದ ನಮ್ಮ ಸೀಮೆಯವರೇ. 1779ರಲ್ಲಿ ಹೈದರಾಲಿಯ ಕೈಗೆ ದುರ್ಗ ಬಿದ್ದ ಕಥೆಯನ್ನು ಹೇಳುವ ಆ ಕಾದಂಬರಿಗೆ, ಲೇಖಕರು ತೀರಿಕೊಂಡ ಮರುವರ್ಷ, 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ದಪ್ಪ ಪುಸ್ತಕ. ಅದನ್ನು ನೋಡಿ ಹಿಂದೆಗೆದವರು ಕೆಲವರಿದ್ದರು, ಆದರೆ ತಾವು ಬೆಳಿಗ್ಗೆ ಕಾಲಿಟ್ಟ ಬಾಗಿಲು, ಕೈ ಸವರಿದ ಕಲ್ಲು ಪುಟದಲ್ಲಿ ಸಿಕ್ಕಿದ್ದರಿಂದ ಬಿಡದೆ ಓದಿ ಮುಗಿಸಿದವರು ಅದಕ್ಕಿಂತ ಹೆಚ್ಚು. ಹೊಸಗನ್ನಡದ ಕಾದಂಬರಿ ಹೇಗೆ ಅಭಿಜಾತವಾಗುತ್ತದೆ ಎಂದು ಯಾರಾದರೂ ಕೇಳಬಹುದು. ಅಪ್ಪ ಓದಿದ್ದ ಪ್ರತಿಯನ್ನೇ ಮಗ ಬಂದು ಕೇಳುವುದನ್ನು ಕಂಡ ನನಗೆ ಆ ಸಂಶಯವಿಲ್ಲ.

ಆ ಕೋಟೆಯಲ್ಲಿಯೇ ಹಿಡಿಂಬೇಶ್ವರ ದೇವಾಲಯವಿದೆ. ಹಿಡಿಂಬಾಸುರ ಇದ್ದದ್ದು ಈ ಬೆಟ್ಟದಲ್ಲಿಯೇ ಎಂಬುದು ಸ್ಥಳಪುರಾಣ. ಒಮ್ಮೆ ಏಳನೆಯ ತರಗತಿಯ ಇಬ್ಬರು ಹುಡುಗಿಯರು ಬಂದು, ಭೀಮ ನಿಜವಾಗಿಯೂ ನಮ್ಮೂರಿಗೆ ಬಂದಿದ್ದನೇ ಎಂದು ಕೇಳಿದರು. ಜನ ಹಾಗೆ ನಂಬಿಕೊಂಡು ಬಂದಿದ್ದಾರೆ, ಕವಿ ಏನು ಹೇಳುತ್ತಾನೋ ನೀವೇ ನೋಡಿ ಎಂದು ಆದಿಪರ್ವವನ್ನು ಮುಂದಿಟ್ಟೆ. ತಮಗೆ ಬಂದ ಹಾಗೆ ಓದಿದರು, ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಮಾರನೆಯ ಶನಿವಾರ ಮತ್ತೆ ಬಂದರು. ನಾನು ಮಾಡಿದ ಸಹಾಯವೆಂದರೆ ಆ ಪುಟದಲ್ಲಿ ಗುರುತಿನ ಕಾಗದವನ್ನು ಹಾಗೆಯೇ ಉಳಿಸಿದ್ದು.

ಅರ್ಧ ತಿಳಿಯುವುದನ್ನು ನಾವು ಸೋಲೆಂದು ಭಾವಿಸುತ್ತೇವೆ. ಮಕ್ಕಳು ಹಾಗೆ ಭಾವಿಸುವುದಿಲ್ಲ.

ಸಾಣೇಹಳ್ಳಿ ಸಮೀಪದವಳು:

ಒಂದು ಮಾತು ಸೇರಿಸುತ್ತೇನೆ. ನಮ್ಮ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ನಾಟಕ ನೋಡುತ್ತ ಬೆಳೆದ ಮಕ್ಕಳಿಗೆ 12ನೆಯ ಶತಮಾನದ ವಚನಗಳು ಪುಸ್ತಕದಿಂದ ಬಂದದ್ದಲ್ಲ, ರಂಗದಿಂದ ಬಂದದ್ದು. ನನ್ನ ತಮ್ಮ ಓದಿನಲ್ಲಿ ಹಿಂದೆ, ಆದರೆ ವಚನಗಳನ್ನು ಪಾತ್ರವೊಂದು ಆಡಿದ ಮಾತಾಗಿಯೇ ನೆನಪಿಟ್ಟುಕೊಂಡಿದ್ದಾನೆ. ‘ವೀರಲವ’ ಪದ್ಯಭಾಗ ಪಾಠಕ್ಕೆ ಬಂದಾಗ ಅವನ ತರಗತಿಯ ಮೇಡಂ ಅದನ್ನು ಮಕ್ಕಳಿಂದ ಆಡಿಸಿದರು. ಲವ ಕುದುರೆಯನ್ನು ಬಾಳೆಗೆ ಕಟ್ಟುತ್ತಾನೆ, ಉಳಿದ ಮುನಿಕುಮಾರರು “ಬೇಡ ಬೇಡರಸುಗಳ ವಾಜಿಯಂ ಬಿಡು” ಎಂದು ಅಂಗಲಾಚುತ್ತಾರೆ. ‘ವಾಜಿ’ ಎಂದರೆ ಕುದುರೆ ಎಂದು ಯಾರೂ ಬರೆಸಲಿಲ್ಲ. ಕಂಬಕ್ಕೆ ಕಟ್ಟಿದ ಟವೆಲ್ಲಿನ ಇನ್ನೊಂದು ತುದಿಯಲ್ಲಿ ಒಬ್ಬ ಹುಡುಗ ಕೆನೆಯುತ್ತಿದ್ದ.

ಎರಡು ಮಕ್ಕಳ ತಂದೆ, ದಾವಣಗೆರೆ:

ಹರಿಹರದ ಮಗಳೇ, ನೀನು ಕೇಳಿದ್ದಕ್ಕೆ ನನ್ನಲ್ಲಿ ತಕ್ಷಣ ಉತ್ತರವಿರಲಿಲ್ಲ, ಆದ್ದರಿಂದ ನಾಲ್ಕು ದಿನ ಸುಮ್ಮನಿದ್ದೆ.

ನಿನ್ನೆ ಕುಂದವಾಡ ಕೆರೆಯ ಏರಿಯ ಮೇಲೆ ಮಗನ ಜೊತೆ ನಡೆಯುತ್ತಿದ್ದಾಗ ನೀರೊಳಗೆ ಬೆವರಿದ ದುರ್ಯೋಧನನ ಕಥೆಯನ್ನು ಹೇಳಿದೆ. ಪದ್ಯದ ಸಾಲು ನನಗೆ ಪೂರ್ತಿ ನೆನಪಿತ್ತು ಎಂಬುದು ನನಗೇ ಆಶ್ಚರ್ಯ. ಬೆಂಚಿನ ಮೇಲೆ ನಿಂತ ದಿನ ನಾನು ತಡವರಿಸಿದ್ದು ಅದೇ ಪದ್ಯದಲ್ಲಿ. “ಆ ರವಮಂ ನಿರ್ಜಿತ ಕಂಠೀರವ ರವಮಂ” ಎಂದು ಆರಂಭವಾಗುವ ಆ ಪದ್ಯದ ಎರಡನೆಯ ಸಾಲಿನಲ್ಲಿ. ಪದ ಬಿಡಿಸುವ ತಂಗಿ ಯಾವ ಪದ್ಯವೆಂದು ತಿಳಿಯದೆಯೇ ಅದನ್ನೇ ಆರಿಸಿಕೊಂಡಿದ್ದರು. ಮಗ, ದುರ್ಯೋಧನ ನೀರಿನಿಂದ ಹೊರಗೆ ಬಂದನೇ ಎಂದು ಕೇಳಿದ. ಬಂದ ಎಂದೆ. ಹೆದರಿದವನು ಹೇಗೆ ಬಂದ ಎಂದು ಕೇಳಿದ. ಅಲ್ಲಿಂದ ಮನೆ ತಲುಪುವವರೆಗೂ ಅದೇ ಮಾತು.

ಆದರೂ ನನ್ನ ಒಂದು ಆಕ್ಷೇಪ ಉಳಿದೇ ಇದೆ. ನೀವೆಲ್ಲ ಹೇಳಿದ ಸಂಗತಿಗಳಲ್ಲಿ ಒಂದೂ ಪರೀಕ್ಷೆಗಾಗಿ ನಡೆದದ್ದಲ್ಲ. ಹಾಜರಿ ಕಡಿಮೆಯಾದ ದಿನ, ಊಟದ ಮೇಲಿನ ಹತ್ತು ನಿಮಿಷ, ಬೇಸಗೆ ರಜೆ, ಕೋಟೆಯ ಪ್ರವಾಸ. ಶಾಲೆಯ ವೇಳಾಪಟ್ಟಿಯಲ್ಲಿ ಅಂಕವಿಲ್ಲದ ಓದಿಗೆ ಒಂದು ಅವಧಿಯನ್ನು ಯಾರು ಕೊಡುತ್ತಾರೆ? ಮೇಷ್ಟ್ರು ಒಬ್ಬರೇ ಇದನ್ನು ಎಷ್ಟು ದಿನ ನಡೆಸಬಲ್ಲರು? ಇದನ್ನು ವಿರೋಧಕ್ಕಾಗಿ ಕೇಳುತ್ತಿಲ್ಲ, ನಡೆಯಬೇಕೆಂಬ ಆಸೆಯಿಂದಲೇ ಕೇಳುತ್ತಿದ್ದೇನೆ.

ಪದ ಬಿಡಿಸುವವಳು, ದಾವಣಗೆರೆ:

ಸರ್, ತಮ್ಮ ಬರಹ ಓದಿ ಕಣ್ಣು ತುಂಬಿತು. ಪದ್ಯದ ಆಯ್ಕೆ ಕಾಕತಾಳೀಯವೇ, ಆದರೆ ಎಲ್ಲರಿಗೂ ಮೊದಲು ನೆನಪಾಗುವ ಪದ್ಯವೂ ಅದೇ. ವೇಳಾಪಟ್ಟಿಯ ವಿಷಯದಲ್ಲಿ ತಾವು ಹೇಳಿದ್ದು ಸತ್ಯ. ವಾರಕ್ಕೊಂದು ಅವಧಿ ಸಿಗುವವರೆಗೆ ಕಾಯುವ ಬದಲು, ಪ್ರತಿ ಪಾಠದ ಮೊದಲ ಐದು ನಿಮಿಷವನ್ನು ಓದಿಗೆ ಮೀಸಲಿಟ್ಟು, ಕವಿಪರಿಚಯವನ್ನು ಕೊನೆಗೆ ತಳ್ಳಿದರೂ ಬಹಳಷ್ಟು ಬದಲಾಗುತ್ತದೆ. ಕಾವ್ಯವನ್ನು ಮೆಚ್ಚಿದ ಮೇಲೆ ಕವಿ ಯಾರೆಂದು ಮಕ್ಕಳೇ ಕೇಳುತ್ತಾರೆ. ಇನ್ನು, ಓದಿ ಹೇಳುವವರಿಲ್ಲದ ಕಡೆ ಗಮಕದ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಯ, ಧ್ವನಿಮುದ್ರಣಗಳನ್ನು ಬಳಸಬಹುದು. ನಮ್ಮ ನೆರೆಯ ಶಿವಮೊಗ್ಗದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ ಗಮಕ ಕಲೆಗಾಗಿ 2022ರಲ್ಲಿ ಪದ್ಮಶ್ರೀ ಬಂದಾಗ, ಗಮಕವೆಂದರೇನೆಂದು ನನ್ನ ಸಹಪಾಠಿಗಳೇ ಕೇಳಿದ್ದರು. ಕೇಳಿಸಿದ ಮೇಲೆ ಅವರು ಕೇಳುವುದನ್ನು ನಿಲ್ಲಿಸಲಿಲ್ಲ.

ಚಳ್ಳಕೆರೆ ಮೇಷ್ಟ್ರು:

ಎಲ್ಲರಿಗೂ ಕೃತಜ್ಞ. ತಂದೆಯವರು ಕೇಳಿದ್ದಕ್ಕೆ ಮೊದಲು ಉತ್ತರಿಸುತ್ತೇನೆ: ಅವಧಿಯನ್ನು ಯಾರೂ ಕೊಟ್ಟಿಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ಬೇವಿನ ಮರದ ಕೆಳಗೆ ಕೂರುತ್ತಿದ್ದೇವೆ, ಬರಲೇಬೇಕೆಂದು ಯಾರಿಗೂ ಹೇಳಿಲ್ಲ. ಮೊದಲ ವಾರ ಏಳು ಜನ ಬಂದರು, ಮರುವಾರ ನಾಲ್ವರು, ಆಮೇಲೆ ಹದಿಮೂರು. ಈ ಏರಿಳಿತವನ್ನು ನೋಡಿ ಮೊದಲು ಮನಸ್ಸಿಗೆ ಕಷ್ಟವಾಗುತ್ತಿತ್ತು, ಈಗ ಎಣಿಸುವುದನ್ನು ಬಿಟ್ಟಿದ್ದೇನೆ.

ಜಗಳೂರಿನವರು ಹೇಳಿದ ಕಿವಿಯ ಮಾತನ್ನು ಪರೀಕ್ಷಿಸಿ ನೋಡಿದೆ. ಭಾಮಿನಿ ಷಟ್ಪದಿಯ ಲಕ್ಷಣವನ್ನು ಬರೆಸದೆ, ಸಾಲನ್ನು ಹೇಳುತ್ತ ತೊಡೆಯ ಮೇಲೆ ತಟ್ಟಲು ಹೇಳಿದೆ. ಹಸಿದ, ಮಾರಿಯ, ಮಂದೆ, ಯಲಿಕುರಿ. ಮೂರು, ನಾಲ್ಕು, ಮೂರು, ನಾಲ್ಕು. ಹತ್ತು ನಿಮಿಷ ಕಳೆಯುವುದರೊಳಗೆ ಮೂರನೆಯ ಸಾಲು ಉಳಿದವುಗಳಿಗಿಂತ ಉದ್ದವಿದೆ ಎಂಬುದನ್ನು ಅವರೇ ಕಂಡುಹಿಡಿದರು. ಆರನೆಯದೂ ಹಾಗೆಯೇ ಇರಬೇಕೆಂದು ಒಬ್ಬಳು ಊಹಿಸಿ, ತಟ್ಟಿ ನೋಡಿ ಖಚಿತಪಡಿಸಿಕೊಂಡಳು. ಪ್ರಸ್ತಾರ ಹಾಕಲು ಬಾರದೆ ಅಳುತ್ತಿದ್ದ ಹುಡುಗಿ ಅವಳು.

ಹಿಂದಿನ ಬೆಂಚಿನ ಹುಡುಗ ಪ್ರತಿ ವಾರ ಬರುವುದಿಲ್ಲ. ಕುರಿಗಳ ಜೊತೆ ಹೋಗಬೇಕಾದ ವಾರ ತಪ್ಪಿಸುತ್ತಾನೆ, ಆದರೆ ಮುಂದಿನ ವಾರ ಬಂದು ಬಿಟ್ಟುಹೋದ ಭಾಗವನ್ನು ಗೆಳೆಯರಿಂದ ಹೇಳಿಸಿಕೊಳ್ಳುತ್ತಾನೆ. ಹೇಳುವವರು ತಪ್ಪಿದರೆ ಪುಸ್ತಕವನ್ನು ಕಿತ್ತುಕೊಂಡು ಓದುತ್ತಾನೆ, ತಡವರಿಸುತ್ತಲೇ ಓದುತ್ತಾನೆ. ನಾನು ತಿದ್ದುವುದಿಲ್ಲ.

ಈಗ ನಾವು ಬನ್ನಿಯ ಮರದ ಬಳಿಗೆ ಬಂದಿದ್ದೇವೆ. ಅರ್ಜುನ ಉತ್ತರಕುಮಾರನನ್ನು ಮರ ಹತ್ತಿಸಿ ಆಯುಧಗಳನ್ನು ಇಳಿಸಿಕೊಳ್ಳಬೇಕು. ನಮ್ಮಲ್ಲಿರುವುದು ಒಂದೇ ಪ್ರತಿ, ಅದರ ಹೊಲಿಗೆಯೂ ಬಿಚ್ಚಿದೆ. ಅಚ್ಚು ದಪ್ಪವಾಗಿರುವ ವಿರಾಟಪರ್ವದ ಪ್ರತಿ ಯಾರ ಮನೆಯಲ್ಲಾದರೂ ಸುಮ್ಮನೆ ಬಿದ್ದಿದ್ದರೆ ದಯವಿಟ್ಟು ತಿಳಿಸಿ. ದಾವಣಗೆರೆ, ಜಗಳೂರು, ಚಿತ್ರದುರ್ಗ ಎಲ್ಲಿದ್ದರೂ ಭಾನುವಾರ ನಾನೇ ಬಸ್ಸು ಹತ್ತಿ ಬಂದು ತೆಗೆದುಕೊಂಡು ಹೋಗುತ್ತೇನೆ.

ಜಗಳೂರು ಸೀಮೆಯವ:

ತಾತನ ಕಾಲದಲ್ಲಿ ಗುಡಿಯಲ್ಲಿ ಓದುತ್ತಿದ್ದ ಪ್ರತಿ ನಮ್ಮ ಅಟ್ಟದ ಮೇಲಿದೆ, ಮೇಷ್ಟ್ರೇ. ಮೊದಲ ಕೆಲವು ಹಾಳೆಗಳನ್ನು ಗೆದ್ದಲು ತಿಂದಿದೆ, ಬನ್ನಿಮರದ ಭಾಗ ಪೂರ್ತಿ ಇದೆ. ನೀವು ಬರುವುದು ಬೇಡ, ಶನಿವಾರ ನಾನೇ ತರುತ್ತೇನೆ. ಕೂರಲು ಜಾಗ ಕೊಡಿ.